ನೀಲಗಿರಿಗೆ ನಲವತ್ತಮೂರು ತಲೆ

ಕಾಲೇಜಿನ ಪ್ರವಾಸಕ್ಕೆ ಹೊರಡುವವರಲ್ಲಿ ಎರಡು ಪಂಗಡ. ಬೆಟ್ಟ ನೋಡಲು ಹೋಗುವವರದು ಒಂದು, ತಲೆ ನೋಡಲು ಹೋಗುವವರದು ಇನ್ನೊಂದು. ಮೇಷ್ಟ್ರುಗಳೆಲ್ಲ ಎರಡನೆಯ ಪಂಗಡದವರು. ಊಟಿ, ಕೊಡಗು, ಕುದುರೆಮುಖ ಎಲ್ಲಿಗೇ ಹೋಗಿರಲಿ, ಬಂದ ಮೇಲೆ ಮನೆಯವರು ‘ಹೇಗಿತ್ತು?’ ಎಂದು ಕೇಳಿದರೆ ಇವರ ಬಾಯಿಂದ ಬರುವುದು ಒಂದೇ ಉತ್ತರ: ‘ಎಲ್ಲರೂ ವಾಪಸ್ ಬಂದರು.’

ನಾನು ಇತಿಹಾಸದ ಮೇಷ್ಟ್ರು. ಇಸವಿಗಳು ತಪ್ಪದೆ ನೆನಪಿರುತ್ತವೆ ಎಂಬ ಕಾರಣಕ್ಕೋ ಏನೋ, ಎಣಿಸುವ ಕೆಲಸ ಸಲೀಸಾಗಿ ನನ್ನ ಪಾಲಿಗೆ ಬರುತ್ತದೆ. ಈ ಸಲ ಮೈಸೂರಿನಿಂದ ನೀಲಗಿರಿಗೆ ಹೊರಟವು 43 ತಲೆ. ಅರ್ಜಿಯಲ್ಲಿ ‘ಶೈಕ್ಷಣಿಕ ಉದ್ದೇಶ’ ಎಂಬ ಕಲಮು ಇರುತ್ತದಲ್ಲ, ಅಲ್ಲಿ ‘2005ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ನೀಲಗಿರಿ ಪರ್ವತ ರೈಲ್ವೆಯ ಅಧ್ಯಯನ’ ಎಂದು ಬರೆದೆವು. ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ಉದ್ದೇಶ ಒಂದೇ ಪದದಲ್ಲಿತ್ತು: ಚಾಕಲೇಟ್.

ಆ ರೈಲಿಗೆ ಟಿಕೆಟ್ ಸಿಗುವುದು ಕಷ್ಟ. ಬೆಳಿಗ್ಗೆ 7.10ಕ್ಕೆ ಮೆಟ್ಟುಪಾಳಯಂ ಬಿಡುವ ಪುಟ್ಟ ಗಾಡಿ, ಕೆಲವೇ ಡಬ್ಬಿ. ಹತ್ತಲು ಹವಣಿಸುವವರು ಮಾತ್ರ ದೇಶಕ್ಕೆ ದೇಶವೇ. ಅರ್ಥಶಾಸ್ತ್ರದ ಮೇಷ್ಟ್ರು ಕಂಪ್ಯೂಟರಿನ ಮುಂದೆ ತಪಸ್ಸು ಮಾಡಿ ಹುಡುಗರಿಗೆಂದು ಸಂಪಾದಿಸಿದ್ದು 20 ಸೀಟು. ಉಳಿದ 23 ಮಂದಿ ನಮ್ಮ ಬಸ್ಸಿನಲ್ಲೇ ಘಾಟಿ ಹತ್ತಬೇಕು. ಮಿಠಾಯಿ ಡಬ್ಬಿಯಲ್ಲಿ ಚೀಟಿ ಹಾಕಿ ಎತ್ತಿಸಿದೆವು. ಅರ್ಥಶಾಸ್ತ್ರದವರು ತರಗತಿಯಲ್ಲಿ ವರ್ಷವಿಡೀ ಕಲಿಸಲಾಗದ ಬೇಡಿಕೆ–ಪೂರೈಕೆಯ ಪಾಠ ಅರ್ಧ ಗಂಟೆಯಲ್ಲಿ ಎಲ್ಲರಿಗೂ ಅರ್ಥವಾಯಿತು. ಗೆಳತಿಯರು ಬೇರೆಯಾದರೆಂದು ಅತ್ತರು, ಚೀಟಿಗಳು ಕೈ ಬದಲಾದವು, ಒಂದು ರೈಲು ಸೀಟು ಎರಡು ಪ್ಲೇಟ್ ಗೋಬಿ ಮಂಚೂರಿಗೆ ಮಾರಾಟವಾಯಿತೆಂದು ಕೇಳಿದೆ. ಕಿಟಕಿ ಪಕ್ಕದ್ದಾದರೆ ಮೇಲೆ ಒಂದು ಜ್ಯೂಸು.

ಚಾಮರಾಜನಗರ ದಾಟಿ ದಿಂಬಂ ಘಾಟಿಯ 27 ಹಿಮ್ಮುರಿ ತಿರುವುಗಳಲ್ಲಿ ಇಳಿಯುವಾಗ ಬಸ್ಸಿನ ಒಳಗಿನ ಭೂಗೋಳವೇ ಬದಲಾಯಿತು. ಹಿಂದಿನ ಸೀಟಿಗಾಗಿ ಬೆಳಿಗ್ಗೆ ಜಗಳವಾಡಿದ ಪರಾಕ್ರಮಿಗಳು ಒಬ್ಬೊಬ್ಬರಾಗಿ ಮುಂದೆ ಬಂದು, ನಿಂಬೆಹಣ್ಣು ಮೂಸುತ್ತ, ಗೇರ್ ಬಾಕ್ಸಿನ ಪಕ್ಕ ಕುಕ್ಕರಿಸಿದರು. ಅಂತ್ಯಾಕ್ಷರಿ ಎಂಟನೆಯ ತಿರುವಿಗೆ ನಿಂತಿತು. ಅಲ್ಲಿಂದ ಮುಂದೆ ಬಸ್ಸಿನಲ್ಲಿ ಕೇಳಿಸಿದ ಸ್ವರಗಳನ್ನು ವರ್ಣಿಸದಿರುವುದೇ ಸಾಹಿತ್ಯಕ್ಕೆ ಕ್ಷೇಮ.

ಮರುದಿನ ಮೆಟ್ಟುಪಾಳಯಂ ನಿಲ್ದಾಣದಲ್ಲಿ ನನ್ನ ಪಾಲಿನ 20 ತಲೆಗಳನ್ನು ಡಬ್ಬಿಗಳಲ್ಲಿ ತುಂಬಿಸಿದೆ. ಆಗಲೇ ಗೊತ್ತಾದದ್ದು: ಈ ಗಾಡಿಯಲ್ಲಿ ಒಂದು ಡಬ್ಬಿಯಿಂದ ಇನ್ನೊಂದಕ್ಕೆ ಓಡಾಡಲು ಒಳದಾರಿಯೇ ಇಲ್ಲ. ಪಕ್ಕದ ಬಾಗಿಲಿನಿಂದ ಹತ್ತಬೇಕು, ಕೂರಬೇಕು, ಮುಂದಿನ ನಿಲ್ದಾಣದವರೆಗೆ ಅಲ್ಲೇ ಇರಬೇಕು. ಹುಡುಗರು ಮೂರು ಡಬ್ಬಿಗಳಲ್ಲಿ ಹಂಚಿಹೋಗಿದ್ದರು. ಎಣಿಸುವುದು ಹೇಗೆ? ವೃತ್ತಿಜೀವನದಲ್ಲಿ ಮೊದಲ ಬಾರಿಗೆ, ಎಣಿಸಲಾಗದಂತೆ ಕಟ್ಟಿಹಾಕಿದ ವಾಹನದಲ್ಲಿ ಕೂತಿದ್ದೆ. ಬೇರೆ ಕೆಲಸವಿಲ್ಲದೆ ಕಿಟಕಿಯ ಹೊರಗೆ ನೋಡಿದೆ. ಬೆಟ್ಟ ಕಾಣಿಸಿತು.

ಗಾಡಿಯ ಹಿಂದೆ ಎಂಜಿನ್ ಇದ್ದದ್ದು ಹುಡುಗರಿಗೆ ಭಾರಿ ಸೋಜಿಗ. ‘ಸಾರ್, ಡ್ರೈವರ್ ರಿವರ್ಸ್ ಹೋಗ್ತಿದ್ದಾನಾ?’ ಎಂದೊಬ್ಬ ಕೇಳಿದ. ಕಾರಣ ಸರಳ. ಈ ಹಳಿ ಕಡಿದಾದ ಕಡೆ ಹನ್ನೆರಡೂವರೆ ಅಡಿ ಸಾಗಿದರೆ ಒಂದು ಅಡಿ ಮೇಲೇರುತ್ತದೆ. ಎಂಜಿನ್ ಮುಂದಿದ್ದು ಕೊಂಡಿ ಕಳಚಿದರೆ ಡಬ್ಬಿಗಳೆಲ್ಲ ಮೆಟ್ಟುಪಾಳಯಂ ಕಡೆಗೆ ವಾಪಸ್. ಅದಕ್ಕೇ ಅದು ಕೆಳಗೆ ನಿಂತು ಮೇಲಕ್ಕೆ ದೂಡುತ್ತದೆ. ಹುಡುಗರನ್ನು ಸಾಲಾಗಿ ಬೆಟ್ಟ ಹತ್ತಿಸುವಾಗ ಮೇಷ್ಟ್ರು ಹಿಂದೆ ಇರುತ್ತಾರಲ್ಲ, ಹಾಗೆ. ಹೊಗೆ ಬಿಡುವುದೂ ಹೆಚ್ಚುಕಡಿಮೆ ಅದೇ ರೀತಿ.

ಕಲ್ಲಾರ್ ನಿಲ್ದಾಣ ದಾಟುತ್ತಿದ್ದಂತೆ ಕೆಳಗಿನಿಂದ ಕಟಕಟ ಸದ್ದು ಶುರುವಾಯಿತು. ಎರಡು ಹಳಿಗಳ ನಡುವೆ ಹಲ್ಲುಗಳಿರುವ ಕಬ್ಬಿಣದ ಪಟ್ಟಿ. ಎಂಜಿನ್ನಿನ ಹಲ್ಲುಚಕ್ರ ಅದನ್ನು ಕಚ್ಚಿಕೊಂಡು ಒಂದೊಂದೇ ಹಲ್ಲು ಮೇಲೇರುತ್ತದೆ. ಕೂನೂರಿನವರೆಗೂ ಹೀಗೆ ಕಚ್ಚಿಕೊಂಡೇ ಪ್ರಯಾಣ. ವೇಗ ಗಂಟೆಗೆ ಹೆಚ್ಚೆಂದರೆ 13 ಕಿಲೋಮೀಟರ್. ನಮ್ಮೂರಿನಲ್ಲಿ ಹಾಲಿನವನ ಸೈಕಲ್ಲು ಇದಕ್ಕಿಂತ ಮುಂದೆ ಹೋಗುತ್ತದೆ. ಒಟ್ಟು 46 ಕಿಲೋಮೀಟರಿನ ದಾರಿಗೆ ಹತ್ತಿರ ಹತ್ತಿರ ಐದು ಗಂಟೆ. 5ಜಿ ಕಾಲದಲ್ಲಿ ಬೆಳೆದ ಹುಡುಗರು ಮೊದಲ ಅರ್ಧ ಗಂಟೆ ಚಡಪಡಿಸಿದರು. ಅಷ್ಟರಲ್ಲಿ ಸಿಗ್ನಲ್ ಹೋಯಿತು. ಆಮೇಲೆ ಅವರಿಗೂ ಬೆಟ್ಟ ಕಾಣಿಸಿತು.

ನನ್ನ ಡಬ್ಬಿಯ ಮುಂದಿನ ಪುಟ್ಟ ಕಟ್ಟೆಯ ಮೇಲೆ ಒಬ್ಬ ಬ್ರೇಕುಗಾರ ನಿಂತಿದ್ದ. ಪ್ರತಿ ಡಬ್ಬಿಗೂ ಇಂಥವನೊಬ್ಬ. ಹಿಂದಿನಿಂದ ಎಂಜಿನ್ ಸೀಟಿ ಊದಿದರೆ ಬ್ರೇಕು ತಿರುಗಿಸಬೇಕು, ಮತ್ತೆ ಊದಿದರೆ ಬಿಡಬೇಕು. ಅಂಗೈಯ ಗ್ರೀಸನ್ನು ಹಳೆಯ ಬಟ್ಟೆಯಲ್ಲಿ ಒರೆಸಿಕೊಳ್ಳುತ್ತಾನೆ, ಚಕ್ರ ಹಿಡಿಯುತ್ತಾನೆ, ಮತ್ತೆ ಒರೆಸಿಕೊಳ್ಳುತ್ತಾನೆ. ಒಂದು ಕಡೆ ಪಾತಾಳ, ಇನ್ನೊಂದು ಕಡೆ ನೀರು ಜಿನುಗುವ ಬಂಡೆ. ಅವನ ಕಣ್ಣು ಎರಡರ ಮೇಲೂ ಇಲ್ಲ, ಹಳಿಯ ಮೇಲಿದೆ. ಕೊನೆಯ ಬೆಂಚಿನ ನಮ್ಮ ಹುಡುಗನೊಬ್ಬ ಸೀಟಿಯ ಗುಟ್ಟು ಹಿಡಿದುಬಿಟ್ಟ. ಎಷ್ಟು ಸಲ ಊದಿದರೆ ಏನರ್ಥ ಎಂದು ಅವನು ಪುಸ್ತಕದ ಹಿಂಬದಿಯಲ್ಲಿ ಬರೆದುಕೊಳ್ಳುತ್ತಿದ್ದುದನ್ನು ಕಂಡೆ. ನನ್ನ ತರಗತಿಯಲ್ಲಿ ಅವನು ಪೆನ್ನು ತೆರೆದದ್ದನ್ನು ನಾನು ನೋಡಿಲ್ಲ.

ಮೊದಲ ಸುರಂಗ ಬಂತು. ಕತ್ತಲಾಗುತ್ತಿದ್ದಂತೆ ಮೂರೂ ಡಬ್ಬಿಗಳಿಂದ ‘ಹೋ’ ಎಂಬ ಕೂಗು. ನನಗೆ ಪರಮಾನಂದವಾಯಿತು. ಈ ದಾರಿಯಲ್ಲಿ 16 ಸುರಂಗಗಳಿವೆ. ಅಂದರೆ 16 ಸಲ ಹಾಜರಿ! ನನ್ನ ಹುಡುಗಿಯರ ಕೀಚು ಧ್ವನಿ ಇದು, ಆ ದಪ್ಪ ಧ್ವನಿ ಎನ್‌ಸಿಸಿಯವನದು ಎಂದು ಕಿವಿಯಲ್ಲೇ ಗುರುತಿಸಿ ಲೆಕ್ಕ ಮಾಡಿಕೊಂಡೆ. 250 ಸೇತುವೆ, 208 ತಿರುವುಗಳ ಈ ಹಾದಿಯನ್ನು ಕಟ್ಟಿದವರು ಏನೆಂದುಕೊಂಡಿದ್ದರೋ. ಸುರಂಗ ಕೊರೆದದ್ದು ಮೇಷ್ಟ್ರುಗಳಿಗಾಗಿಯೇ ಎಂದು ನನಗನ್ನಿಸಿತು.

ಹಿಲ್‌ಗ್ರೋವ್‌ನಲ್ಲಿ ಎಂಜಿನ್ನಿಗೆ ನೀರು, ಮನುಷ್ಯರಿಗೆ ಚಹಾ, ಕೋತಿಗಳಿಗೆ ಮನುಷ್ಯರ ಕೈಯಲ್ಲಿರುವುದೆಲ್ಲ. ಎಲ್ಲರೂ ಇಳಿದರು. ಸಾಲು ನಿಲ್ಲಿಸಿ ಎಣಿಸಿದೆ: 21. ಮತ್ತೆ ಎಣಿಸಿದೆ: 21. ಕಡಿಮೆ ಬಂದರೆ ಏನು ಮಾಡಬೇಕೆಂದು ಪ್ರತಿಯೊಬ್ಬ ಮೇಷ್ಟ್ರಿಗೂ ಗೊತ್ತು: ಹುಡುಕಬೇಕು, ಬೈಯಬೇಕು, ದೇವರಿಗೆ ಹರಸಿಕೊಳ್ಳಬೇಕು. ಹೆಚ್ಚು ಬಂದರೆ ಯಾರನ್ನು ಕಳೆಯುವುದು? ಸಾಲಿನಲ್ಲಿ ಒಬ್ಬ ನನಗೆ ಪರಿಚಯವಿಲ್ಲದ ವಿನಯದಿಂದ ನಿಂತಿದ್ದ. ನಮ್ಮವರಲ್ಲಿ ಅಷ್ಟು ವಿನಯ ಇರುವುದು ಅಸಾಧ್ಯವೆಂದೇ ಅನುಮಾನ ಬಂದದ್ದು. ವಿಚಾರಿಸಿದರೆ, ಕೊಯಮತ್ತೂರಿನ ಯಾವುದೋ ಕಾಲೇಜಿನವನು. ಕನ್ನಡದ ಮೇಡಂ ಚಕ್ಕುಲಿ ಹಂಚುವುದನ್ನು ಕಂಡು ಇದೂ ರೈಲ್ವೆಯ ಸೌಲಭ್ಯವೆಂದು ಸಾಲಿಗೆ ಸೇರಿದ್ದಾನೆ. ಮೇಡಂ ಅವನಿಗೆ ಎರಡು ಕೊಟ್ಟು ಕಳಿಸಿದರು. ಅವನು ತಿರುಗುವಷ್ಟರಲ್ಲಿ ಒಂದನ್ನು ಕೋತಿ ವಸೂಲಿ ಮಾಡಿತು.

‘ದಿಲ್ ಸೇ’ ಚಿತ್ರದ ರೈಲಿನ ಹಾಡು ಚಿತ್ರೀಕರಣವಾದದ್ದು ಇದೇ ಹಳಿಯ ಮೇಲೆ ಎಂದು ಯಾರೋ ಹುಡುಗರ ತಲೆಗೆ ತುಂಬಿದ್ದರು. ವಿಷಯ ನಿಜವೇ. ಆದರೆ ಅದರಿಂದ ಹುಟ್ಟಿದ ಪ್ರಶ್ನೆ ‘ಸಾರ್, ಎರಡೇ ನಿಮಿಷ ಮೇಲೆ ಹತ್ತಬಹುದಾ?’ ಎಂಬುದು. 1998ರ ಸಿನಿಮಾ ಒಂದಕ್ಕೆ 1899ರಲ್ಲಿ ಕೂನೂರು ಮುಟ್ಟಿ, 1908ರಲ್ಲಿ ಊಟಿ ತಲುಪಿದ ರೈಲು ಹೊಣೆಯಲ್ಲ ಎಂದು ಇಸವಿಗಳ ಸಮೇತ ವಿವರಿಸಿದೆ. ಇಸವಿ ಕೇಳುತ್ತಲೇ ಅವರು ಹತ್ತುವ ಉತ್ಸಾಹ ಕಳೆದುಕೊಂಡರು. ಇತಿಹಾಸದ ಉಪಯೋಗವೇನು ಎಂದು ಕೇಳುವವರಿಗೆ ಇದೊಂದು ಉತ್ತರ.

ಕೂನೂರಿನಲ್ಲಿ ಹಬೆಯ ಎಂಜಿನ್ ಬಿಟ್ಟು ಡೀಸೆಲ್ ಹಿಡಿದು, ವೆಲ್ಲಿಂಗ್ಟನ್, ಕೆತ್ತಿ, ಲವ್‌ಡೇಲ್ ದಾಟಿ, ಮಧ್ಯಾಹ್ನದ ಹೊತ್ತಿಗೆ ಊಟಿ ಮುಟ್ಟಿದೆವು. ಬಸ್ಸಿನ ಪಂಗಡ ನಿಲ್ದಾಣದ ಹೊರಗೆ ಗೆದ್ದವರ ಗತ್ತಿನಲ್ಲಿ ಕಾಯುತ್ತಿತ್ತು. ಅವರು ಬಂದು ಗಂಟೆಗಳೇ ಆಗಿದ್ದವು. ಕೆರೆ ಮುಗಿದಿತ್ತು, ದೋಣಿ ಮುಗಿದಿತ್ತು, ಗುಲಾಬಿ ತೋಟ ಮುಗಿದಿತ್ತು. ಒಂದೇ ದುಃಖವೆಂದರೆ ನೀಲಗಿರಿ ಜಿಲ್ಲೆಯ ಚೆಕ್‌ಪೋಸ್ಟಿನಲ್ಲಿ ಅವರ ಪ್ಲಾಸ್ಟಿಕ್ ನೀರಿನ ಬಾಟಲಿಗಳನ್ನೆಲ್ಲ ಇಳಿಸಿಕೊಂಡದ್ದು. ಅಲ್ಲಿ ಅವಕ್ಕೆ ನಿಷೇಧ. ಬಸ್ಸಿಗೆ ಇ–ಪಾಸು ಮಾಡಿಸಿ ಬೀಗುತ್ತಿದ್ದ ಅರ್ಥಶಾಸ್ತ್ರದವರಿಗೆ ಬಾಟಲಿಯ ಯೋಚನೆ ಬಂದಿರಲಿಲ್ಲ. ‘ನೀವು ಏನೇನು ನೋಡಿದಿರಿ?’ ಎಂದು ಬಸ್ಸಿನವರು ಕೇಳಿದರು. ರೈಲಿನವರು ಯೋಚಿಸಿ, ‘ದಾರಿ’ ಎಂದರು. ಬಸ್ಸಿನವರು ಅನುಕಂಪದಿಂದ ನಕ್ಕರು.

ಸಸ್ಯೋದ್ಯಾನದಲ್ಲಿ ಎರಡು ಕೋಟಿ ವರ್ಷ ಹಳೆಯದೆಂಬ ಮರದ ಪಳೆಯುಳಿಕೆಯೊಂದಿದೆ. ಕಲ್ಲಾಗಿ ಬಿದ್ದುಕೊಂಡಿರುವ ಆ ಮರದ ಮುಂದೆ ನಿಂತು, ಕೊಯಮತ್ತೂರಿನ ಕಲೆಕ್ಟರಾಗಿದ್ದ ಜಾನ್ ಸಲ್ಲಿವನ್ ಈ ಊರನ್ನು ಕಟ್ಟಿದ ಕಥೆಯನ್ನು ಶುರುಮಾಡಿದೆ. ಸಲ್ಲಿವನ್ ಇನ್ನೂ ಬೆಟ್ಟ ಹತ್ತುತ್ತಿರುವಾಗಲೇ ಶ್ರೋತೃಗಳು ಕರಗಿ, ಉಳಿದದ್ದು ನಾನು ಮತ್ತು ಮರ. 2,637 ಮೀಟರ್ ಎತ್ತರದ ದೊಡ್ಡಬೆಟ್ಟದಲ್ಲಿ ಮಂಜು ಎಷ್ಟಿತ್ತೆಂದರೆ ದುಡ್ಡು ಕೊಟ್ಟು ದೂರದರ್ಶಕದಲ್ಲಿ ಇಣುಕಿದವರಿಗೆ ಬಿಳಿ ಬಣ್ಣ ಹತ್ತಿರದಿಂದ ಕಂಡಿತು. ಬೆಳಿಗ್ಗೆ ‘ಚಳಿಯೇ ಇಲ್ಲ’ ಎಂದು ತೋಳಿಲ್ಲದ ಅಂಗಿ ತೊಟ್ಟಿದ್ದ ವೀರರು, ಅಮ್ಮ ಬ್ಯಾಗಿನ ತಳಕ್ಕೆ ತುರುಕಿದ್ದ ಮಂಕಿ ಕ್ಯಾಪನ್ನು ಹೊರತೆಗೆದರು. ಇಲ್ಲೊಂದು ಹೊಸ ಸಂಕಟ: 43 ತಲೆಗಳೂ ಟೋಪಿಯೊಳಗೆ ಹೋದ ಮೇಲೆ ಯಾರು ಯಾರೆಂದು ತಿಳಿಯುವುದು ಮೂಗಿನ ಆಧಾರದ ಮೇಲೆ ಮಾತ್ರ.

ವಾಪಸು ಗೂಡಲೂರು, ಮುದುಮಲೆ, ಬಂಡೀಪುರದ ದಾರಿ. 36 ಹಿಮ್ಮುರಿ ತಿರುವುಗಳ ಕಲ್ಲಟ್ಟಿ ಘಾಟಿ ಹತ್ತಿರವಾದರೂ ನಮ್ಮ ಗಾತ್ರದ ಬಸ್ಸಿಗೆ ಅದಲ್ಲ ಎಂದು ಚಾಲಕ ಮೊದಲೇ ಹೇಳಿದ್ದ. ಬಂಡೀಪುರದ ಕಾಡಿನ ರಸ್ತೆ 2009ರಿಂದ ರಾತ್ರಿ ಒಂಬತ್ತಕ್ಕೆ ಮುಚ್ಚಿದರೆ ಬೆಳಿಗ್ಗೆ ಆರಕ್ಕೇ ತೆರೆಯುವುದು. ಇದನ್ನು ಬೆಳಗಿನ ತಿಂಡಿಯಲ್ಲಿ, ಚಹಾ ಕಾರ್ಖಾನೆಯಲ್ಲಿ, ಪೈಕಾರದಲ್ಲಿ ಮಂತ್ರದಂತೆ ಹೇಳಿದೆ. ಎಲ್ಲರೂ ತಲೆಯಾಡಿಸಿದರು. ತಲೆಯಾಡಿಸುತ್ತಲೇ ಚಾಕಲೇಟ್ ಅಂಗಡಿಗೆ ನುಗ್ಗಿದರು. ವರ್ಕಿ ಬಿಸ್ಕತ್ತು, ನೀಲಗಿರಿ ಎಣ್ಣೆ, ಅಜ್ಜಿಗೆ ಚಹಾಪುಡಿ, ‘ಸಾರ್, ಗೂಗಲ್ ಪೇ ಬಫರ್ ಆಗ್ತಿದೆ’ ಎಂಬ ಆರ್ತನಾದ. ಚಾಲಕ ಹಾರ್ನ್ ಮೇಲಿಟ್ಟ ಕೈ ತೆಗೆಯಲಿಲ್ಲ.

ಮುದುಮಲೆ ದಾಟುವಾಗ ಕತ್ತಲು. ಬಸ್ಸು ಇದ್ದಕ್ಕಿದ್ದಂತೆ ನಿಂತಿತು. ಮುಂದೆ ರಸ್ತೆಗಡ್ಡ ಆನೆಗಳ ಗುಂಪು, ನಡುವೆ ಒಂದು ಮರಿ. ಚಾಲಕ ಹಾಡು ನಿಲ್ಲಿಸಿ ತುಟಿಗೆ ಬೆರಳಿಟ್ಟ. ಹೊರಟಾಗಿನಿಂದ ಬಾಯಿ ಮುಚ್ಚದವರೆಲ್ಲ ತಂತಮ್ಮ ಸೀಟಿನಲ್ಲಿ ಉಸಿರು ಹಿಡಿದು ಕೂತರು. ಇಂಥ ಸುಸಂದರ್ಭ ಮತ್ತೆ ಸಿಕ್ಕೀತೆ? ನಾನು ಮೆಲ್ಲನೆ ಎದ್ದು ಎಣಿಸಿದೆ. 43. ಇಡೀ ಪ್ರವಾಸದಲ್ಲಿ ಒಂದೇ ಏಟಿಗೆ ಸರಿಬಂದ ಲೆಕ್ಕ ಅದು. ಆನೆಗಳನ್ನು ಎಣಿಸಲು ಸಮಯವಾಗಲಿಲ್ಲ. ಗೇಟು ಮುಚ್ಚಲು ಇಪ್ಪತ್ತು ನಿಮಿಷವಿರುವಾಗ ಒಳಸೇರಿದೆವು.

ಅಧ್ಯಯನ ಪ್ರವಾಸವೆಂದ ಮೇಲೆ ವರದಿ ಬರೆಯಿಸಬೇಕಲ್ಲ. ಬಸ್ಸಿನವರು ನೋಡಿದ ಸ್ಥಳಗಳನ್ನು ಕ್ರಮಸಂಖ್ಯೆ ಹಾಕಿ, ವೇಳೆ ನಮೂದಿಸಿ, ಪ್ರವೇಶ ಶುಲ್ಕದ ಸಮೇತ ಬರೆದರು. ಹತ್ತಕ್ಕೆ ಒಂಬತ್ತು ಬಂತು. ಕೊನೆಯ ಬೆಂಚಿನವನು ನಾಲ್ಕು ಪುಟವನ್ನೂ ಬ್ರೇಕುಗಾರನ ಕೈ ಮತ್ತು ಸೀಟಿಯ ಮೇಲೆ ಖರ್ಚು ಮಾಡಿದ್ದ. ಊಟಿಯ ಹೆಸರೇ ಇರಲಿಲ್ಲ. ‘ಸ್ಥಳಗಳ ಪಟ್ಟಿ ಇಲ್ಲ’ ಎಂದು ಮೌಲ್ಯಮಾಪನದ ನಮೂನೆಯ ಪ್ರಕಾರ ಅವನಿಗೆ ಐದು ಸಿಕ್ಕಿತು. ನಮೂನೆ ಮಾಡಿದವರು ಬಸ್ಸಿನಲ್ಲಿ ಹೋದವರೇ ಇರಬೇಕು.

ಆದ್ದರಿಂದ ಈ ವರ್ಷ ಪ್ರವಾಸಕ್ಕೆ ಹೊರಡಲಿರುವ ಮೇಷ್ಟ್ರುಗಳಲ್ಲಿ ನನ್ನ ವಿನಂತಿ ಇಷ್ಟೆ: ಹತ್ತುವಾಗ ರೈಲು ಹಿಡಿಯಿರಿ, ಹುಡುಗರನ್ನು ಬೇರೆ ಬೇರೆ ಡಬ್ಬಿಗಳಲ್ಲಿ ಕೂರಿಸಿ, ಸುರಂಗ ಬಂದಾಗ ಹಾಜರಿ ಹಾಕಿಕೊಂಡು ಉಳಿದ ಹೊತ್ತು ಬೆಟ್ಟ ನೋಡಿ. ಬಾಟಲಿ ಸ್ಟೀಲಿನದಿರಲಿ. ಇಳಿಯುವ ದಿನ ಚಾಕಲೇಟ್ ಅಂಗಡಿಗೆ ಬೆಳಿಗ್ಗೆಯೇ ಕರೆದುಕೊಂಡು ಹೋಗಿ. ಬಂಡೀಪುರದ ಗೇಟಿನವರು ಯಾವ ಕಾಲೇಜಿಗೂ ಗ್ರೇಸ್ ಮಾರ್ಕ್ಸ್ ಕೊಡುವುದಿಲ್ಲ.