ನಾಲ್ಕು ಅಂಗೈ ರಬ್ಬರು: ಮಾಲೀಕರ ಕೈಪಿಡಿ

ಮೊದಲು ಇದನ್ನು ಓದತಕ್ಕದ್ದು

ಈ ಕೈಪಿಡಿಯು ಸ್ಕೋಡಾ ಆಕ್ಟೇವಿಯಾ ಆರ್‌ಎಸ್ 245 ಎಂಬ ಕಾರನ್ನು ಬೆಂಗಳೂರಿನಲ್ಲಿ ಸಾಕುತ್ತಿರುವವರಿಗೆ ಅನ್ವಯಿಸುತ್ತದೆ. 2020ರಲ್ಲಿ ಭಾರತಕ್ಕೆ ಬಂದದ್ದೇ 200 ಕಾರು; ಹಾಗಾಗಿ ಓದುಗರ ಸಂಖ್ಯೆಯೂ ಹೆಚ್ಚೆಂದರೆ ಅಷ್ಟೆ. 245 ಕುದುರೆಯ ಶಕ್ತಿ, ನಿಂತಲ್ಲಿಂದ ನೂರರ ವೇಗಕ್ಕೆ 6.6 ಸೆಕೆಂಡು, ಗರಿಷ್ಠ ಗಂಟೆಗೆ 250 ಕಿ.ಮೀ. ಆಲ್ಟೊ ಇಟ್ಟುಕೊಂಡು ನೆಮ್ಮದಿಯಾಗಿರುವವರು ಮನರಂಜನೆಗಾಗಿ ಓದಬಹುದು.

ಹಂತ 1: ಒಪ್ಪಿಕೊಳ್ಳುವುದು

ಮುಂಗಾರಿಗೆ ಮುಂಚೆ ಒಂದು ಭಾನುವಾರ ಟೈರಿನ ಮುಂದೆ ಕುಕ್ಕರಗಾಲಲ್ಲಿ ಕೂರತಕ್ಕದ್ದು. ಗೆರೆಗಳ ಸಂದಿಯಲ್ಲಿ ಅಡ್ಡಡ್ಡವಾಗಿ ಪುಟ್ಟ ದಿಬ್ಬಗಳು ಕಾಣುತ್ತವೆ. ಮೇಲಿನ ಬಟನ್ ಸವೆದು ಆ ದಿಬ್ಬದ ಮಟ್ಟಕ್ಕೆ ಬಂದಿದ್ದರೆ ಉಳಿದಿರುವುದು 1.6 ಮಿ.ಮೀ. ಕಾನೂನಿನ ಪ್ರಕಾರ ಅಲ್ಲಿಗೆ ಟೈರಿನ ಋಣ ತೀರಿತು. ನೀರನ್ನು ಪಕ್ಕಕ್ಕೆ ತಳ್ಳುವ ಶಕ್ತಿ ಅದಕ್ಕೂ ಬಹಳ ಮೊದಲೇ ಕುಗ್ಗಿರುತ್ತದೆ.

ಈಗ ನಿಮ್ಮ ಬಾಯಿಂದ ತಾನಾಗಿ ಒಂದು ಮಾತು ಬರುತ್ತದೆ: "ಇನ್ನೂ ಐದು ಸಾವಿರ ಓಡುತ್ತೆ ಬಿಡು." ಇದು ಸಹಜ. ಒಂದು ಲೋಟ ಕಾಫಿ ಕುಡಿದು ಮತ್ತೆ ಕೂತು ನೋಡತಕ್ಕದ್ದು.

ಹಂತ 2: ಶಾಸನ ಓದುವುದು

ಹಲ್ಮಿಡಿ ಶಾಸನವನ್ನು ಓದಿದವರ ಶ್ರದ್ಧೆ ಇಲ್ಲಿ ಬೇಕು. ಟೈರಿನ ಪಕ್ಕೆಯ ಮೇಲೆ 225/40 ಆರ್18 92ವೈ ಎಂದು ಕೆತ್ತಿದೆ. 225 ಎಂದರೆ ಮಿಲಿಮೀಟರಿನಲ್ಲಿ ಟೈರಿನ ಅಗಲ. 40 ಎಂದರೆ ಆ ಅಗಲದ ಶೇ. 40ರಷ್ಟು ಪಕ್ಕೆಯ ಎತ್ತರ, ಅಂದರೆ 90 ಮಿ.ಮೀ. ರಿಮ್ಮು 18 ಇಂಚು. 92 ಅಂದರೆ ಒಂದೊಂದು ಟೈರೂ 630 ಕಿಲೊ ಹೊರಬಲ್ಲದು. ವೈ ಅಂದರೆ ಗಂಟೆಗೆ 300 ಕಿ.ಮೀ. ವೇಗ ತಾಳಬಲ್ಲದು.

ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಮಿತಿ 100. ಮಿಕ್ಕ 200 ನಮ್ಮ ಮನೆಗಳ ಅಟ್ಟದ ಮೇಲಿನ ಹಂಡೆ, ಕೊಪ್ಪರಿಗೆ ಇದ್ದ ಹಾಗೆ: ಮದುವೆಗೆಂದು ಇಟ್ಟದ್ದು, ಮದುವೆ ಛತ್ರದಲ್ಲಿ ನಡೆಯಿತು. ಆದರೂ ಅಟ್ಟ ಖಾಲಿ ಮಾಡಬಾರದು. ಆ ಅಕ್ಷರ ಹೇಳುವುದು ವೇಗವನ್ನಷ್ಟೇ ಅಲ್ಲ, ಬಿಸಿ ತಡೆಯುವ ಶಕ್ತಿಯನ್ನೂ. ಕಾರು ಮಾಡಿದವರು ಕೇಳಿದ್ದಕ್ಕಿಂತ ಕೆಳಗಿನ ಅಕ್ಷರಕ್ಕೆ ಇಳಿಯಬಾರದು.

ಹಂತ 3: ಅಂಗೈ ಬಿಚ್ಚಿ ನೋಡಿಕೊಳ್ಳುವುದು

ಹಸ್ತಸಾಮುದ್ರಿಕಕ್ಕಲ್ಲ, ಲೆಕ್ಕಕ್ಕೆ. ನೀವೂ ಸೇರಿ ಕಾರು ಸುಮಾರು 1500 ಕಿಲೊ ಅಂದುಕೊಳ್ಳಿ. ನಾಲ್ಕಕ್ಕೆ ಹಂಚಿದರೆ ಒಂದು ಚಕ್ರಕ್ಕೆ 375. ಗಾಳಿ 33 ಪಿಎಸ್‌ಐ ಇದ್ದರೆ ಒಂದು ಚದರ ಸೆಂಟಿಮೀಟರಿಗೆ ಹತ್ತಿರ ಹತ್ತಿರ 2.3 ಕಿಲೊ ಒತ್ತಡ. ಭಾಗಿಸಿದರೆ ರಸ್ತೆಗೆ ತಾಗುವ ಜಾಗ 160 ಚದರ ಸೆಂಟಿಮೀಟರಿನ ಆಸುಪಾಸು. ಅಂಚೆ ಕಚೇರಿಯ ಪೋಸ್ಟ್‌ಕಾರ್ಡಿಗಿಂತ ತುಸು ದೊಡ್ಡದು. ನಿಮ್ಮ ಬಿಚ್ಚಿದ ಅಂಗೈಯಷ್ಟು. 245 ಕುದುರೆ, ಹೆಂಡತಿ, ಮಕ್ಕಳು, ಹಿಂದಿನ ಸೀಟಿನಲ್ಲಿ ತೂಕಡಿಸುತ್ತಿರುವ ಮಾವನವರು, ಎಲ್ಲರೂ ಭೂಮಿಯನ್ನು ಹಿಡಿದುಕೊಂಡಿರುವುದು ಇಂಥ ನಾಲ್ಕು ಅಂಗೈಗಳಿಂದ.

ನನ್ನ ಮಟ್ಟಿಗೆ ಕೈಪಿಡಿಯಲ್ಲಿ ಮುಖ್ಯವಾದದ್ದು ಈ ಹಂತವೊಂದೇ. ಒಳ್ಳೆಯ ಟೈರನ್ನು ಜನ ಓಡುವುದಕ್ಕೆಂದು ಕೊಳ್ಳುತ್ತಾರೆ. ನಮ್ಮೂರಲ್ಲಿ ಓಡಲು ಜಾಗ ಎಲ್ಲಿದೆ? ಕೊಟ್ಟ ದುಡ್ಡೆಲ್ಲ ನಿಲ್ಲುವುದಕ್ಕೆ.

ಹಂತ 4: ಅಂಗಡಿಗೆ ಹೋಗುವುದು

ಅಂಗಡಿಯವರು ಮೊದಲು ಕಾರನ್ನು ನೋಡುತ್ತಾರೆ, ಆಮೇಲೆ ನಿಮ್ಮ ಚಪ್ಪಲಿಯನ್ನು, ಆಮೇಲೆ ಬೆಲೆ ಹೇಳುತ್ತಾರೆ. ಸಂಭಾಷಣೆ ಹೀಗೆ ಸಾಗತಕ್ಕದ್ದು:

"ಈ ಸೈಜಲ್ಲಿ ಏನಿದೆ?"

"ಫಾರಿನ್ ಬ್ರ್ಯಾಂಡು ಬರ್ತಿಲ್ಲ ಸಾರ್. ಸ್ಟಾಕ್ ಇಲ್ಲ."

"ಯಾವಾಗ ಬರುತ್ತೆ?"

"ಬರುತ್ತೆ ಸಾರ್."

ಅವರ ಮೇಲೆ ಸಿಟ್ಟಾಗಬೇಡಿ. 2020ರ ಜೂನ್‌ನಲ್ಲಿ ಹೊಸ ಟೈರುಗಳ ಆಮದು ನಿರ್ಬಂಧಿತ ಪಟ್ಟಿಗೆ ಸೇರಿತು. ತರಿಸಲು ಲೈಸೆನ್ಸ್ ಬೇಕಾಯಿತು. ಕಾರು ಹೊರದೇಶದಿಂದ ಇಡಿಯಾಗಿ ಹಡಗೇರಿ ಬಂತು, ಅದೇ ವರ್ಷ ಅದರ ಟೈರಿನ ದಾರಿಗೆ ಬಾಗಿಲು ಬಿತ್ತು. ಸೊಸೆ ಮನೆ ತುಂಬಿದ ಮೇಲೆ ತವರಿನ ಬಸ್ಸು ನಿಂತ ಹಾಗೆ.

ಆಮೇಲೆ ಅವರು ಒಂದು ಉಪಾಯ ಹೇಳುತ್ತಾರೆ. "225/45 ಹಾಕ್ಸ್‌ಬಿಡಿ ಸಾರ್, ಸ್ವಲ್ಪ ದಪ್ಪ ಇರುತ್ತೆ, ಗುಂಡಿಗೆ ಒಳ್ಳೇದು." ಮಾತಿನಲ್ಲಿ ಅರ್ಧ ಸತ್ಯವಿದೆ. 90 ಮಿ.ಮೀ. ಪಕ್ಕೆಯ ಟೈರು ಗುಂಡಿಗೆ ಬಿದ್ದರೆ ರಿಮ್ಮಿಗೂ ಗುಂಡಿಯ ಅಂಚಿಗೂ ನಡುವೆ ಸಿಕ್ಕಿ ಒಳಗಿನ ನೂಲು ಹರಿಯುತ್ತದೆ. ಮಾರನೆಯ ದಿನ ಪಕ್ಕೆಯಲ್ಲಿ ಪೂರಿಯಂತೆ ಬುಗ್ಗೆ ಎದ್ದಿರುತ್ತದೆ. ಅದಕ್ಕೆ ರಿಪೇರಿ ಇಲ್ಲ, ಟೈರು ಬಿಸಾಡಬೇಕು. ಆದರೆ ಅದೇ 18 ಇಂಚಿನ ರಿಮ್ಮಿಗೆ 225/45 ಹಾಕಿದರೆ ಚಕ್ರದ ಒಟ್ಟು ವ್ಯಾಸ 637ರಿಂದ ಸುಮಾರು 660 ಮಿ.ಮೀ.ಗೆ ಏರುತ್ತದೆ. ಮೀಟರಿನ ಲೆಕ್ಕ ಶೇ. 3.5ರಷ್ಟು ತಪ್ಪುತ್ತದೆ, ತಿರುವಿನಲ್ಲಿ ಮಡ್‌ಗಾರ್ಡಿಗೆ ಉಜ್ಜಿದರೂ ಉಜ್ಜೀತು.

ಸರಿಯಾದ ಉಪಾಯ ಒಂದಿದೆ, ಅದನ್ನು ಈ ಕಾರಿನ ಒಡೆಯರು ಕೇಳಲು ಇಷ್ಟಪಡುವುದಿಲ್ಲ: ರಿಮ್ಮನ್ನೇ ಒಂದು ಇಂಚು ಇಳಿಸಿ 225/45 ಆರ್17 ಹಾಕುವುದು. ವ್ಯಾಸ 634 ಮಿ.ಮೀ.; ವ್ಯತ್ಯಾಸ ಬರೀ ಮೂರು ಮಿಲಿಮೀಟರು. ಪಕ್ಕೆ 90ರಿಂದ 101ಕ್ಕೆ ಏರುತ್ತದೆ. 17ರ ರಿಮ್ಮು ನಿಮ್ಮ ಬ್ರೇಕ್ ಕ್ಯಾಲಿಪರಿಗೆ ತಾಗದೆ ಕೂರುತ್ತದೆಯೇ ಎಂದು ಮೊದಲು ಹಾಕಿ ತಿರುಗಿಸಿ ನೋಡಬೇಕು. ಕೂತರೆ ನಡುಬೆನ್ನು ನಿಮ್ಮನ್ನು ಹರಸುತ್ತದೆ. ಆದರೆ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಯಾರೂ ನಿಂತು ನೋಡುವುದಿಲ್ಲ. ಈ ನಷ್ಟಕ್ಕೆ ಪರಿಹಾರವನ್ನು ಕೈಪಿಡಿ ಸೂಚಿಸಲಾರದು.

ಹಂತ 5: ತಾರೀಖು

ರವೆ ಪೊಟ್ಟಣ ತಿರುಗಿಸಿ ನೋಡುವವರು ಟೈರಿಗೆ ಮಾತ್ರ ಹಾಗೆ ಮಾಡುವುದಿಲ್ಲ. ಡಿಓಟಿ ಎಂಬ ಸಾಲಿನ ಕೊನೆಯ ನಾಲ್ಕು ಅಂಕಿ ನೋಡತಕ್ಕದ್ದು. 2323 ಇದ್ದರೆ 2023ರ 23ನೇ ವಾರ ಹುಟ್ಟಿದ್ದು. ಗೋದಾಮಿನಲ್ಲಿ ವರ್ಷಗಟ್ಟಲೆ ಕೂತ ರಬ್ಬರು ಗಟ್ಟಿಯಾಗಿರುತ್ತದೆ. ಐಎಸ್‌ಐ ಗುರುತನ್ನೂ ನೋಡಿ.

ಹಂತ 6: ಬೇಸಿಗೆಯೋ ಚಳಿಗಾಲವೋ

ವೇಗದ ಕಾರುಗಳ ಟೈರಿಗೆ 'ಸಮ್ಮರ್ ಟೈರ್' ಎಂಬ ಹೆಸರು. ಇದನ್ನು ಕೇಳಿ ಮಾವನವರು "ಮಳೆಗಾಲಕ್ಕೆ ಏನು ಮಾಡ್ತೀರಿ?" ಎಂದು ಕೇಳತಕ್ಕದ್ದು, ಕೇಳಿಯೇ ಕೇಳುತ್ತಾರೆ. ಇದು ಹಿಮ ಬೀಳುವ ದೇಶದವರು ಇಟ್ಟ ಹೆಸರು; ಮಳೆಗೆ ಇದು ಚೆನ್ನಾಗಿಯೇ ಹಿಡಿಯುತ್ತದೆ. ಹವೆ 7 ಡಿಗ್ರಿಗಿಂತ ಕೆಳಗಿಳಿದರೆ ಮಾತ್ರ ಈ ರಬ್ಬರು ಸೆಟೆದುಕೊಂಡು ಹಿಡಿತ ಬಿಡುತ್ತದೆ ಎನ್ನುತ್ತಾರೆ ತಯಾರಕರು. ಬೆಂಗಳೂರಿನ ದಾಖಲೆಯ ಚಳಿ 1884ರ ಜನವರಿಯದು: 7.8 ಡಿಗ್ರಿ. ಅಂದು ನೀವು ಕಾರು ತೆಗೆದಿದ್ದರೂ ತೊಂದರೆ ಇರಲಿಲ್ಲ.

ಇನ್ನೊಂದು ಅಂಕಿ ನಿಮ್ಮನ್ನು ಮರುಳು ಮಾಡುತ್ತದೆ: ಟ್ರೆಡ್‌ವೇರ್. ಇದು ಅಮೆರಿಕದ ಪದ್ಧತಿ. 100ರ ಮಾದರಿ ಟೈರಿಗೆ ಹೋಲಿಸಿದರೆ 300ರದ್ದು ಮೂರು ಪಟ್ಟು ಬಾಳಬೇಕು. ಅಂಕ ಕೊಟ್ಟುಕೊಳ್ಳುವವರು ಆಯಾ ಕಂಪನಿಯವರೇ, ತಮ್ಮ ಉತ್ತರಪತ್ರಿಕೆಯನ್ನು ತಾವೇ ತಿದ್ದಿದ ಹಾಗೆ. ರಸ್ತೆಯನ್ನು ಗಟ್ಟಿಯಾಗಿ ಹಿಡಿಯುವ ಮೆದು ರಬ್ಬರು ಬೇಗ ಸವೆಯುತ್ತದೆ ಎಂಬುದನ್ನು ಮಾತ್ರ ನೆನಪಿಡಿ. ಎರಡೂ ಬೇಕು ಅನ್ನುವವರಿಗೆ ಟೈರು ಸಿಗುವುದಿಲ್ಲ, ಜಾಹೀರಾತು ಸಿಗುತ್ತದೆ.

ಹಂತ 7: ಎರಡೇ ಸಾಕು ಅನ್ನುವವರಿಗೆ

ಈ ಕಾರನ್ನು ಎಳೆಯುವುದು ಮುಂದಿನ ಚಕ್ರ, ಸವೆಯುವುದೂ ಅದೇ. ಹೊಸ ಎರಡನ್ನು ಮುಂದಕ್ಕೆ ಹಾಕಿಸುವುದು ನ್ಯಾಯ ಅನ್ನಿಸುತ್ತದೆ. ತಪ್ಪು. ಹೊಸವು ಹಿಂದಕ್ಕೆ ಹೋಗತಕ್ಕದ್ದು, ಹಿಂದಿನವು ಮುಂದಕ್ಕೆ ಬರತಕ್ಕದ್ದು. ನೀರು ನಿಂತ ರಸ್ತೆಯಲ್ಲಿ ಮುಂದಿನ ಟೈರು ತೇಲಿದರೆ ಕಾರು ನೇರ ಜಾರುತ್ತದೆ, ಕಾಲು ತೆಗೆದರೆ ಮತ್ತೆ ಹಿಡಿಯಬಹುದು. ಹಿಂದಿನದು ತೇಲಿದರೆ ಕಾರು ಬುಗುರಿಯಾಗುತ್ತದೆ. ಅಂಗಡಿಯ ಹುಡುಗ ಇದನ್ನು ಒಪ್ಪುವುದಿಲ್ಲ. ಪಕ್ಕದಲ್ಲೇ ನಿಂತು ಹಾಕಿಸಿ. ಪಕ್ಕೆಯ ಮೇಲೆ 'ಔಟ್‌ಸೈಡ್' ಎಂದು ಬರೆದ ಕಡೆ ಹೊರಗೇ ಇದೆಯೇ ಎಂದೂ ನೋಡಿ.

ಗಮನಿಸಿ: ನೈಟ್ರೋಜನ್ ತುಂಬಿಸಲೇ ಎಂದು ಕೇಳುತ್ತಾರೆ. ಪುಕ್ಕಟೆ ಗಾಳಿಯಲ್ಲಿ ಶೇ. 78 ಅದೇ ಇದೆ.

ಇನ್ನೂ ಗಮನಿಸಿ: ಪಕ್ಕದ ಮನೆಯವರು ತಮ್ಮ ಕಾರಿನ ರನ್‌ಫ್ಲ್ಯಾಟ್ ಟೈರಿನ ಬಗ್ಗೆ ಹೇಳಿಕೊಳ್ಳುತ್ತಾರೆ. ಪಂಕ್ಚರ್ ಆದರೂ 80ರ ವೇಗದಲ್ಲಿ 80 ಕಿ.ಮೀ. ಓಡುತ್ತದಂತೆ. ಬೆಂಗಳೂರಲ್ಲಿ ಮೊಳೆ ಚುಚ್ಚಿದರೆ ಮದ್ದೂರು ವಡೆಯವರೆಗೆ. ಮೈಸೂರು ಪಾಕಿಗೆ ಬೇರೆ ಏರ್ಪಾಡು ಮಾಡಿಕೊಳ್ಳಬೇಕು.

ಹಂತ 8: ಪರೀಕ್ಷೆ

ಹೊಸ ಟೈರಿನ ಮೈಮೇಲೆ ಅಚ್ಚಿನಿಂದ ಬಿಡಿಸುವಾಗಿನ ಜಿಡ್ಡು ಉಳಿದಿರುತ್ತದೆ. ಮೊದಲ ಇನ್ನೂರು ಮುನ್ನೂರು ಕಿಲೊಮೀಟರ್ ಮೆಲ್ಲಗೆ ಓಡಿಸತಕ್ಕದ್ದು. ಸಿಲ್ಕ್ ಬೋರ್ಡ್ ಕಡೆ ಕೆಲಸವಿರುವವರು ಇದಕ್ಕಾಗಿ ಪ್ರತ್ಯೇಕ ಪ್ರಯತ್ನ ಪಡಬೇಕಿಲ್ಲ.

ಅದಾದ ಮೇಲೆ ಮಳೆ ಹನಿಯುತ್ತಿರುವ ಒಂದು ಸಂಜೆ ಹೊರಡಿ. ನಿಮ್ಮ ಮುಂದೆ ಒಂದು ಆಟೊ ಹೋಗುತ್ತಿರುತ್ತದೆ. ಫುಟ್‌ಪಾತಿನಲ್ಲಿ ಯಾರೋ ಕೈ ತೋರಿಸುತ್ತಾರೆ. ಆಟೊ ಇಂಡಿಕೇಟರ್ ಹಾಕದೆ, ಇದ್ದಲ್ಲೇ ನಿಲ್ಲುತ್ತದೆ. ನಿಮ್ಮ ಕಾಲು ಬ್ರೇಕಿನ ಮೇಲೆ ಬೀಳುತ್ತದೆ, ಮಾವನವರು ಎಚ್ಚರಾಗುತ್ತಾರೆ, ನಾಲ್ಕು ಅಂಗೈಗಳು ಒದ್ದೆ ರಸ್ತೆಯನ್ನು ಕಚ್ಚಿಕೊಳ್ಳುತ್ತವೆ. ಕಾರು ನಿಂತಾಗ ಆಟೊವಿಗೂ ನಿಮಗೂ ನಡುವೆ ಒಂದು ಮೊಳ ಜಾಗ ಉಳಿದಿರುತ್ತದೆ.

ಆಟೊದವರು ತಿರುಗಿಯೂ ನೋಡುವುದಿಲ್ಲ. ಮೀಟರಿನ ಮೇಲೆ ಐವತ್ತು ಕೇಳುತ್ತಿರುತ್ತಾರೆ.