ಪಾನಕದ ‘ಕ’ ಉದುರಿದ ಮೇಲೆ

ನಿವೃತ್ತನಾದ ಗಂಡಸು ಮೊದಲ ತಿಂಗಳು ಪೇಪರ್ ಓದುತ್ತಾನೆ, ಎರಡನೆಯ ತಿಂಗಳು ಮಡಿವಾಳೇಶ್ವರ ಮಠದ ಕಟ್ಟೆಗೆ ಹೋಗಿ ಕೂರುತ್ತಾನೆ, ಮೂರನೆಯ ತಿಂಗಳು ಅಡುಗೆಮನೆಗೆ ನುಗ್ಗುತ್ತಾನೆ. ನಮ್ಮೂರು ಗರಗದಲ್ಲಿ ನಾನು ಈ ಮೂರೂ ಘಟ್ಟಗಳನ್ನು ಒಂದೇ ವಾರದಲ್ಲಿ ದಾಟಿದೆ. ತಪ್ಪು ಮೊಬೈಲಿನದು. ‘ಹಬ್ಬದ ಪಾನೀಯ ಉಳಿದಿದೆಯೇ? ಚೆಲ್ಲಬೇಡಿ! ಐದೇ ನಿಮಿಷದಲ್ಲಿ ನಾಷ್ಟಾ ಮಾಡಿ’ ಎಂದು ಅದರೊಳಗಿಂದ ಒಬ್ಬಾಕೆ ಕೂಗಿದಳು. ಅಮೆರಿಕದವರು ಕ್ರಿಸ್‌ಮಸ್‌ಗೆ ಹಾಲು, ಮೊಟ್ಟೆ, ಸಕ್ಕರೆ ಕಡೆದು ಎಗ್‌ನಾಗ್ ಮಾಡುತ್ತಾರೆ. ಉಳಿದದ್ದರಲ್ಲಿ ಮರುದಿನ ಬ್ರೆಡ್ ಅದ್ದಿ ಬೆಣ್ಣೆಯಲ್ಲಿ ಬೇಯಿಸುತ್ತಾರೆ. ಆ ತಿಂಡಿಗೆ ಹೇಗೂ ಹಾಲು, ಮೊಟ್ಟೆ, ಸಕ್ಕರೆಯೇ ಬೇಕು. ಅವರ ಲೆಕ್ಕ ಸರಿಯಾಗಿದೆ. ಅವರಿಗೆ ಸಾಧ್ಯವಾದದ್ದು ನಮಗೇಕಾಗದು ಎಂದುಕೊಂಡೆ. ನನ್ನ ಲೆಕ್ಕ ತಪ್ಪಿದ್ದು ಅಲ್ಲಿ.

ಮೊದಲು ಯುಗಾದಿ ಬಂತು. ಬೆಂಗಳೂರಿನವರಿಗೆ ಬೇವು-ಬೆಲ್ಲವೆಂದರೆ ಅಂಗೈಯಲ್ಲಿ ಒಂದು ಚಿಟಿಕೆ. ನಮ್ಮ ಕಡೆ ಬೇವು ಲೋಟದಲ್ಲಿ ಕುಡಿಯುವ ವಸ್ತು: ಬೇವಿನ ಹೂ, ಬೆಲ್ಲ, ಹುಣಸೆರಸ, ಪುಟಾಣಿ ಹಿಟ್ಟು, ಮಾವಿನಕಾಯಿ ತುರಿ. ಮನೆಯಲ್ಲಿ ನಾಲ್ಕು ಜನ. ನಾನು ಮಾಡಿದ್ದು ಒಂದು ಕೊಡ. ಮರುದಿನ ಉಳಿದ ಮುಕ್ಕಾಲು ಕೊಡಕ್ಕೆ ರವೆ ಹಾಕಿ, ಪಡ್ಡು ಉಬ್ಬಲೆಂದು ಸೋಡಾ ಉದುರಿಸಿದೆ. ಹುಣಸೆಹುಳಿಗೂ ಸೋಡಾಕ್ಕೂ ಹಳೆಯ ಜಗಳ. ಬುಸ್ಸೆಂದು ಉಕ್ಕಿದ ಹಿಟ್ಟು ಕಟ್ಟೆಯಿಂದಿಳಿದು ದೇವರಮನೆಯ ಹೊಸ್ತಿಲವರೆಗೆ ಹೋಗಿ ನಿಂತಿತು. ಪಾತ್ರೆಯಲ್ಲಿ ಉಳಿದದ್ದನ್ನು ಹಂಚಿಗೆ ಹಾಕಿದರೆ ಬೆಲ್ಲ ಸೀದು ಕುಳಿಕುಳಿಯನ್ನೂ ಹಿಡಿದುಕೊಂಡಿತು. ಕಿತ್ತು ತೆಗೆದ ಒಂದನ್ನು ಬಾಯಿಗಿಟ್ಟ ಮನೆಯಾಕೆ ಎಂದಳು:

“ಬೇವು ವರ್ಷಕ್ಕ ಒಮ್ಮೆ ಕುಡಿಯೂದು ಕಷ್ಟಾ ಒಂದ ದಿನಕ್ಕ ಮುಗೀಲಿ ಅಂತ. ನೀವು ಅದನ್ನ ಮರುದಿನಕ್ಕ ಬಡ್ಡಿ ಹಚ್ಚಿ ತಂದೀರಿ ನೋಡ್ರಿ.”

ಮುಂದೆ ಬಸವ ಜಯಂತಿ. ಪಾನಕ, ಕೋಸಂಬರಿ ಹಂಚಿದ ಮೇಲೆ ತಳದಲ್ಲಿ ಉಳಿದ ಒಂದು ಕ್ಯಾನ್ ಪಾನಕವನ್ನು, ಚೆಲ್ಲುವುದು ಪಾಪವೆಂದು ಭಾಷಣ ಮಾಡಿ ಮನೆಗೆ ಹೊತ್ತು ತಂದೆ. ವೈಶಾಖದ ಸೆಕೆ. ಬೆಳಗ್ಗೆ ಮುಚ್ಚಳ ತೆಗೆದರೆ ಸಣ್ಣ ಸಣ್ಣ ಗುಳ್ಳೆ, ಗಮ್ಮನೆಯ ವಾಸನೆ. ಬೆಲ್ಲದ ನೀರು ಬಿಸಿಲುಗಾಲದಲ್ಲಿ ಒಂದು ರಾತ್ರಿ ಕಳೆದರೆ ಹುಳಿಯದೆ ಇರುತ್ತದೆಯೇ? ಮನೆಯಾಕೆ ಮೂಸಿ ಹಿಂದೆ ಸರಿದಳು.

“ಪಾನಕದಾಗಿನ ‘ಕ’ ಉದರೇತಿ, ಬರೇ ಪಾನ ಉಳದೈತಿ. ಬಸವಣ್ಣನ ಹೆಸರಿಲೆ ಇದನ್ನ ತಿನಸಬ್ಯಾಡ್ರಿ.”

ನಾನು ತಗ್ಗಲಿಲ್ಲ. ಇದಕ್ಕಿಂತ ಒಳ್ಳೆಯ ಹುದುಗು ಎಲ್ಲಿ ಸಿಗುತ್ತದೆ? ಕ್ಯಾನ್ ತುಂಬ ಗೋದಿ ಹಿಟ್ಟು ಕಲಸಿದೆ. ವಿಡಿಯೋದಾಕೆ ಹೇಳಿದಂತೆ ಗೋಡಂಬಿ, ಯಾಲಕ್ಕಿ, ತುಪ್ಪ ತರಿಸಿದೆ. ಹೀಗೆ ಅರ್ಧ ಕಿಲೋ ಬೆಲ್ಲವನ್ನು ಉಳಿಸುವ ಸಲುವಾಗಿ ಅಂಗಡಿಯ ಉದ್ರಿ ಪುಸ್ತಕದಲ್ಲಿ ಎರಡು ಪುಟ ತುಂಬಿದವು. ಅರವತ್ತು ದ್ವಾಸಿ ಆದವು, ತಿಂದದ್ದು ಏಳು. ಉಳಿದ ಐವತ್ತಮೂರಕ್ಕೆ ಏನು ಮಾಡಬೇಕೆಂದು ಮೊಬೈಲನ್ನೇ ಕೇಳಿದೆ. ‘ಉಳಿದ ದೋಸೆಯ ಪಾಯಸ’ ಎಂದಿತು. ಪಾಯಸ ಉಳಿದರೆ ಅದಕ್ಕೊಂದು ಬರ್ಫಿ ಇತ್ತು. ಕಡೆಗೆ ಎಲ್ಲವನ್ನೂ ಎಮ್ಮೆಯ ಮುಂದೆ ಸುರಿದೆ. ಅದು ರೀಲ್ಸ್ ನೋಡದ ಪ್ರಾಣಿ. ಮೂಸಿ ಮುಖ ತಿರುವಿತು.

ಇಷ್ಟಾದರೂ ಬುದ್ಧಿ ಬರಲಿಲ್ಲವೆನ್ನಲು ಆಗಸ್ಟ್ 15 ಬಂತು. ನಮ್ಮೂರಿಗೆ ಅದು ಬರೀ ರಜೆಯ ದಿನವಲ್ಲ. ರಾಷ್ಟ್ರಧ್ವಜದ ಖಾದಿ ಬಟ್ಟೆ ನೇಯುವ ಊರು ಇದು. ಆ ಅಭಿಮಾನಕ್ಕೆ ಮೊಮ್ಮಕ್ಕಳು ಮೇಲೆ ಕೇಸರಿ, ನಡುವೆ ಹಾಲು, ಕೆಳಗೆ ಹಸಿರು ಶರಬತ್ತು ನಿಲ್ಲಿಸಿ ಫೋಟೋ ತೆಗೆದರು. ಕುಡಿಯಲು ಯಾರೂ ಬರಲಿಲ್ಲ, ಫೋಟೋ ಆಗಿತ್ತಲ್ಲ. ರಾತ್ರಿ ಕಳೆಯುವುದರೊಳಗೆ ಮೂರೂ ಬಣ್ಣ ಒಂದಾಗಿ ಮುಂಗಾರಿನ ರಾಡಿಯ ಬಣ್ಣಕ್ಕೆ ತಿರುಗಿದ್ದವು. ಅದರಲ್ಲೇ ಇಡ್ಲಿ ಬೇಯಿಸಿದೆ. ಧ್ವಜವನ್ನು ದಿಂಬು, ಕರವಸ್ತ್ರ, ನ್ಯಾಪ್ಕಿನ್ ಮೇಲೆ ಮುದ್ರಿಸಬಾರದೆಂದು ಧ್ವಜಸಂಹಿತೆ ಹೇಳುತ್ತದೆ. ಇಡ್ಲಿಯ ಹೆಸರು ಅದರಲ್ಲಿಲ್ಲ. 2002ರಲ್ಲಿ ಅದನ್ನು ಬರೆದವರಿಗೆ ನನ್ನಂಥವನೊಬ್ಬ ನಿವೃತ್ತನಾಗುತ್ತಾನೆಂಬ ಅಂದಾಜು ಇದ್ದಿರಲಿಕ್ಕಿಲ್ಲ.

ಅವತ್ತು ಬೀದಿಯಲ್ಲಿ ಬಿದ್ದಿದ್ದ ಪಾಲಿಸ್ಟರ್ ಧ್ವಜಗಳನ್ನು ಮನೆಯಾಕೆ ಆರಿಸಿ ತಂದು ಮಡಚಿಟ್ಟಳು. 2021ರ ಡಿಸೆಂಬರ್ 30ರ ತಿದ್ದುಪಡಿಯಿಂದ ಖಾದಿಯ ಜೊತೆ ಪಾಲಿಸ್ಟರಿಗೂ, ಕೈಮಗ್ಗದ ಜೊತೆ ಯಂತ್ರಕ್ಕೂ ಧ್ವಜವಾಗುವ ಭಾಗ್ಯ ಬಂದಿದೆ. ಮಗ್ಗದ ಮೇಲೆ ಗೇಣು ಗೇಣಾಗಿ ಬೆಳೆಯುತ್ತಿದ್ದದ್ದು ಈಗ ಲಾರಿಗಟ್ಟಲೆ ಬರುತ್ತದೆ, ಲಾರಿಗಟ್ಟಲೆ ಉಳಿಯುತ್ತದೆ.

“ಇದನ್ನ ಯಾವ ಹಿಟ್ಟಿಗೆ ಕಲಸ್ತೀರಿ?” ಎಂದು ಕೇಳಿದಳು. ಮೊಬೈಲಿನಲ್ಲಿ ಹುಡುಕಿದೆ. ಇರಲಿಲ್ಲ.

ನನ್ನ ಅವ್ವ ಇದೇ ಊರಿನ ಖಾದಿ ಕೇಂದ್ರದಲ್ಲಿ ನೂಲು ತೆಗೆಯುತ್ತಿದ್ದಳು. ಕೂಲಿ ಲಡಿಯ ಲೆಕ್ಕ. ಅರಳೆ ಹಾಳಾದರೆ ಹೊಟ್ಟೆಗೆ ಬರುವುದೂ ಅಷ್ಟು ಕಡಿಮೆ. ಅವಳು ಬೇವು ಮಾಡಿದರೂ ಪಾನಕ ಮಾಡಿದರೂ ಮರುದಿನಕ್ಕೆ ಒಂದು ಹನಿ ಉಳಿದದ್ದು ನಾನು ಕಂಡಿಲ್ಲ. ಒಲೆಯ ಮುಂದಿನಿಂದಲೇ ಕೂಗುತ್ತಿದ್ದಳು: “ತಮ್ಮಾ, ಬಾಗಲದಾಗ ಎಷ್ಟ ಜೋಡ ಚಪ್ಪಲಿ ಅದಾವ ನೋಡಿ ಬಾ.” ನಾನು ಎಣಿಸಿ ಬಂದು ಹೇಳಿದ ಮೇಲೆಯೇ ಬೆಲ್ಲ ಕುಟ್ಟುವ ಸದ್ದು ಕೇಳುತ್ತಿತ್ತು.

ಅವಳ ಈ ಪಾಕವನ್ನು ವಿಡಿಯೋ ಮಾಡಿ ಹಾಕೋಣವೆಂದು ಮೊನ್ನೆ ಮೊಮ್ಮಗನಿಗೆ ಹೇಳಿದೆ. ಅವನು ತಲೆಯೆತ್ತದೆಯೇ ಉತ್ತರಿಸಿದ:

“ಅಜ್ಜಾ, ಚಪ್ಪಲಿ ಎಣಿಸೂದನ್ನ ಯಾರ ನೋಡ್ತಾರ?”