ಲೈಟಿಗೂ ಒಂದು ಕೊಟ್ಟೆ

ಉಣುಗೋಲಿನ ಹತ್ತಿರ ಒಂದು ಲೈಟು ಬೇಕು ಎಂದು ನಮ್ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಅಮ್ಮ ಕತ್ತಲಾದ ಮೇಲೆ ಅಂಗಳಕ್ಕಿಳಿಯುವವಳಲ್ಲ. ಹೆಂಡತಿಗೆ ಟಾರ್ಚು ಸಾಕು. ದನಗಳಿಗೆ ದಾರಿ ಗೊತ್ತು. ಆದರೆ ಆಚೆಮನೆಯವರು ಬೇಸಿಗೆಯಲ್ಲಿ ಮಗಳ ಮದುವೆಯ ನೆಪ ಮಾಡಿ ಗೇಟಿಗೆ ಎರಡು ಲೈಟು ಹಾಕಿಸಿದರು, ಚಪ್ಪರ ಬಿಚ್ಚಿದ ಮೇಲೂ ಅವನ್ನು ಬಿಚ್ಚಲಿಲ್ಲ. ರಾತ್ರಿ ನಮ್ಮ ಜಗುಲಿಯಲ್ಲಿ ಕವಳ ಹಾಕುತ್ತ ಕೂತರೆ ತೋಟದಾಚೆ ಅವೇ ಕಣ್ಣಿಗೆ ಬೀಳುತ್ತಿದ್ದವು. ನನಗೆ ಎರಡು ಬೇಡ, ಒಂದಿದ್ದರೆ ಸಾಕು ಎಂದುಕೊಂಡೆ. ನಾನು ಮೊದಲಿನಿಂದಲೂ ಅಲ್ಪತೃಪ್ತ.

ಬೆಂಗಳೂರಿನ ಮಗ ಫೋನಿನಲ್ಲಿ, "ಹೊರಗೆ ಹಾಕೋದಾದ್ರೆ ಐಪಿ 65 ಇದ್ಯಾ ನೋಡಪ್ಪ" ಅಂದ. ನಮ್ಮ ಕಡೆ ಐಪಿ ಎಂದರೆ ಐಪಿ ಸೆಟ್ಟು, ಹಳ್ಳದಿಂದ ನೀರೆತ್ತುವ ಪಂಪು. ತೋಟಕ್ಕೇ ಮೂರು ಎಚ್‌ಪಿ ಸಾಕಾಗುವಾಗ ಒಂದು ಲೈಟಿಗೆ ಅರವತ್ತೈದು ಯಾಕೋ ಎಂದು ಕೇಳಿದೆ. ಅವನು ನಕ್ಕ ರೀತಿ ನನಗೆ ಹಿಡಿಸಲಿಲ್ಲ. ಆಮೇಲೆ ವಿವರಿಸಿದ. ಮೊದಲ ಅಂಕಿ ಧೂಳಿನದು, ಎರಡನೆಯದು ನೀರಿನದು. ಆರು ಎಂದರೆ ಧೂಳು ಒಳಗೆ ಹೊಗುವ ಮಾತೇ ಇಲ್ಲ. ಐದು ಎಂದರೆ ಯಾವ ದಿಕ್ಕಿನಿಂದ ಪೈಪು ಹಿಡಿದು ನೀರು ಹೊಡೆದರೂ ಲೈಟು ಕೆಡುವುದಿಲ್ಲ. ನಾಲ್ಕಾದರೆ ಎರಚಲಿಗೆ ಮಾತ್ರ ತಡೆಯುತ್ತದೆ. ಏಳಾದರೆ ಒಂದು ಮೀಟರ್ ನೀರಲ್ಲಿ ಅರ್ಧ ಗಂಟೆ ಮುಳುಗಿಸಿಡಬಹುದು. ಮೂವತ್ತಾರಕ್ಕೆ ಹದಿನೆಂಟು ಗುಣ ಕೂಡಿದರೆ ಮದುವೆಯನ್ನೇ ಮಾಡಿಬಿಡುವವರು ನಾವು. ಅರವತ್ತೈದು ಕೂಡಿಬಂದ ಮೇಲೆ ನೋಡುವುದೇನಿದೆ?

ಇನ್ನೊಂದು ವಿಷಯ ನನಗೆ ತಿಳಿದದ್ದು ತಡವಾಗಿ. ಆ ಐದರ ಪರೀಕ್ಷೆಯಲ್ಲಿ ನಿಮಿಷಕ್ಕೆ 12.5 ಲೀಟರಿನಂತೆ ನೀರು ಹೊಡೆಯುತ್ತಾರೆ, ಕಡಿಮೆಯೆಂದರೆ 3 ನಿಮಿಷ. ಮೂರು ನಿಮಿಷ! ನಮ್ಮಲ್ಲಿ ಒಂದು ನಕ್ಷತ್ರದ ಮಳೆಗೆ ಹದಿಮೂರು ಹದಿನಾಲ್ಕು ದಿನ, ಮೃಗಶಿರದಿಂದ ಆಶ್ಲೇಷದವರೆಗೆ ಅಂಥವು ಐದು. ಪರೀಕ್ಷೆ ಮಾಡುವವರನ್ನು ಒಂದು ಆರಿದ್ರಾ ಮಳೆಗೆ ಸಾಗರಕ್ಕೆ ಕರೆಸಬೇಕು. ಊಟ ವಸತಿ ನಮ್ಮಲ್ಲೇ ಆಗಲಿ.

ಲೈಟೇನೋ ಬಂತು. ಹಾಕಿಕೊಡಬೇಕಾದ ಎಲೆಕ್ಟ್ರಿಷಿಯನ್ ಬರಲಿಲ್ಲ. "ನಾಳೆ ಬರ್ತೆ ಭಟ್ರೆ" ಎಂದು ಅವನು ಹೇಳಿದ ನಾಳೆಗಳನ್ನು ಬರೆದಿಟ್ಟಿದ್ದರೆ ಒಂದು ಪಂಚಾಂಗವಾಗುತ್ತಿತ್ತು. ಕೊನೆಗೆ ನಾನೇ ಮೇನ್ ಆಫ್ ಮಾಡಿ, ಏಣಿ ಹತ್ತಿ, ಉಣುಗೋಲಿನ ಪಕ್ಕದ ಕಂಬಕ್ಕೆ ಅದನ್ನು ಜೋಡಿಸಿದೆ. ಮೇಲೆ ಕಬ್ಬಿಣದ ಕೈ, ಅದರಿಂದ ಇಳಿಬಿದ್ದ ಹೋಲ್ಡರು, ಹೋಲ್ಡರಿನಲ್ಲಿ ತಲೆಕೆಳಗಾದ ಬಲ್ಬು, ಬಲ್ಬನ್ನು ಕೆಳಗಿನಿಂದ ಮುಚ್ಚುವ ಗಾಜಿನಂಥದೇ ಪ್ಲಾಸ್ಟಿಕ್ ಬೋಗುಣಿ. ಎಲ್ಲ ಮುಗಿದ ಮೇಲೆ ಡಬ್ಬಿಯಲ್ಲಿ ಒಂದು ಕಪ್ಪು ರಬ್ಬರಿನ ಬಳೆ, ಅದಕ್ಕೊಂದು ನಟ್ಟು ಉಳಿದುಕೊಂಡವು. ಹೆಚ್ಚಿಗೆ ಕೊಟ್ಟಿದ್ದಾರೆ, ಒಳ್ಳೆ ಜನ ಎಂದು ಮೊಳೆ ಡಬ್ಬಕ್ಕೆ ಹಾಕಿದೆ.

ವೈರು ಒಳಹೋಗುವ ತೂತಿಗೆ ಬಿಗಿಯಬೇಕಾದದ್ದು ಆ ಬಳೆಯೇ. ಇದನ್ನು ಈಗಲೇ ಹೇಳಿಬಿಡುತ್ತೇನೆ. ಬುದ್ಧಿವಂತ ಓದುಗರಿಗೆ ಹೇಗೂ ಗೊತ್ತಾಗಿರುತ್ತದೆ.

ಒಂಬತ್ತು ದಿನ ಉರಿಯಿತು. ನಾನು ದಿನವೂ ಇಲ್ಲದ ಕೆಲಸ ಹುಡುಕಿಕೊಂಡು ಉಣುಗೋಲಿನ ತನಕ ಹೋಗಿಬರುತ್ತಿದ್ದೆ. ಹತ್ತನೆಯ ದಿನ ಮಳೆ ಹಿಡಿಯಿತು, ಹನ್ನೊಂದನೆಯ ದಿನ ಬೋಗುಣಿಯೊಳಗೆ ಮಂಜು ಕಟ್ಟಿತು. ವೀಡಿಯೊ ಕಾಲಿನಲ್ಲಿ ಮಗನಿಗೆ ತೋರಿಸಿದರೆ, "ಲೈಟು ಉಸಿರಾಡ್ತದಪ್ಪ" ಅಂದ. ಉರಿಯುವಾಗ ಒಳಗಿನ ಗಾಳಿ ಕಾದು ಹಿಗ್ಗಿ ಸಂದಿಯಿಂದ ಹೊರಗೆ ಹೋಗುತ್ತದೆ, ಆರಿಸಿದಾಗ ತಣಿದು ಕುಗ್ಗಿ ಹೊರಗಿನ ತೇವದ ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ. ಮಾತು ಸರಿಯೇ. ಆದರೆ ಹದಿನೇಳನೇ ಮಹಡಿಯಲ್ಲಿ ಕೂತು ಪ್ರಾಣಾಯಾಮ ಹೇಳಿಕೊಡುವವನು ಏಣಿ ಹಿಡಿಯಲು ಬರುವುದಿಲ್ಲವಲ್ಲ! ಉಸಿರಾಡಿದರೆ ತಾನೇ ತೊಂದರೆ, ಉಸಿರನ್ನೇ ಕಟ್ಟಿಸುತ್ತೇನೆ ಎಂದು ಸಾಗರಕ್ಕೆ ಹೋಗಿ ಒಂದು ಟ್ಯೂಬು ಸಿಲಿಕೋನ್ ತಂದೆ.

ಒಣಗಿದ ಜಾಗಕ್ಕೆ ಹಚ್ಚಿ 24 ಗಂಟೆ ಬಿಡಿ ಎಂದು ಟ್ಯೂಬಿನ ಮೇಲೆ ಬರೆದಿತ್ತು. ಆರಿದ್ರಾ ಮಳೆಯಲ್ಲಿ ಒಣಗಿದ ಜಾಗವೆಂದರೆ ನಮ್ಮಲ್ಲಿ ಬಚ್ಚಲ ಒಲೆಯ ಬಾಯಿ ಒಂದೇ. ಲೈಟನ್ನು ಇಡಿಯಾಗಿ ಬಿಚ್ಚಿ ತಂದು, ಅಲ್ಲಿ ಕಾಯಿಸಿ, ಒರೆಸಿ, ಜಗುಲಿಯಲ್ಲಿ ಪೇಪರು ಹಾಸಿ, ಬೋಗುಣಿಯ ಸುತ್ತ ಎರಡು ಸುತ್ತು ಹಚ್ಚಿದೆ. ಸಿಲಿಕೋನಿಗೆ ಥೇಟು ವಿನೆಗರಿನ ವಾಸನೆ. ಒಳಗಿನಿಂದ ಅಮ್ಮ ಕೂಗಿದಳು: "ತಮಾ, ಮಿಡಿ ಹಾಳಾತೇನೋ!" ಆ ಸಂಜೆ ಅಟ್ಟದಿಂದ ಅಪ್ಪೆಮಿಡಿಯ ಭರಣಿಗಳೆಲ್ಲ ಕೆಳಗಿಳಿದವು, ಒಂದೊಂದರ ಬಾಯಿಬಟ್ಟೆಯೂ ಬಿಚ್ಚಿತು, ಒಂದೊಂದು ಮಿಡಿಯನ್ನೂ ಅಮ್ಮ ಮೂಸಿ ನೋಡಿದಳು. ವಾಸನೆ ನನ್ನ ಕೈಯಿಂದ ಬರುತ್ತಿದೆ ಎಂದು ಹೇಳುವ ಧೈರ್ಯ ನನಗೆ ಐದನೆಯ ಭರಣಿಯ ಹೊತ್ತಿಗೆ ಬಂತು. ಭರಣಿ ವಾಪಸ್ ಅಟ್ಟಕ್ಕೆ ಹತ್ತಿಸಿದ್ದೂ ನಾನೇ.

ಮತ್ತೆ ಕಂಬಕ್ಕೇರಿಸಿದ ಲೈಟು ಮೂರು ದಿನ ಕನ್ನಡಿಯ ಹಾಗಿತ್ತು. ನಾಲ್ಕನೆಯ ಬೆಳಿಗ್ಗೆ ನೋಡಿದರೆ ಬೋಗುಣಿಯ ತಳದಲ್ಲಿ ಒಂದು ಬೆರಳು ನೀರು! ಬಲ್ಬು ಮೇಲೆ ತೂಗುತ್ತಿದ್ದುದರಿಂದ ಅದಕ್ಕೆ ನೀರು ಇನ್ನೂ ತಾಗಿರಲಿಲ್ಲ. ರಾತ್ರಿ ಉರಿಸಿದರೆ ಕೆಳಗಿನ ನೀರು ಥಳಥಳ ಹೊಳೆದು ಉಣುಗೋಲಿನ ಮೇಲೆ ಅಲೆಯಾಡುವ ಬೆಳಕು ಬಿತ್ತು. ಸುಳ್ಳು ಹೇಳುವುದಿಲ್ಲ, ಚಂದ ಕಾಣುತ್ತಿತ್ತು. ಆಚೆಮನೆಯವರ ಎರಡರಲ್ಲಿ ಒಂದಕ್ಕೂ ಈ ಭಾಗ್ಯವಿರಲಿಲ್ಲ.

ಕೂಡಲೇ ಬಿಚ್ಚಬೇಕಿತ್ತು. ಬಿಚ್ಚಲಿಲ್ಲ. ಯಾಕೆಂದರೆ ಅಂದಿನ ಪೇಪರಿನಲ್ಲಿ ಲಿಂಗನಮಕ್ಕಿಯ ನೀರಿನ ಮಟ್ಟ ಬಂದಿತ್ತು.

ಮಳೆಗಾಲದಲ್ಲಿ ನಮ್ಮ ಕಡೆಯವರು ಬೆಳಿಗ್ಗೆ ಮೊದಲು ಓದುವುದು ಅದನ್ನೇ. ಗರಿಷ್ಠ ಮಟ್ಟ 1819 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು. ಮಗಳ ಹಳೆಯ ಮಾರ್ಕರು ಪೆನ್ನು ಹುಡುಕಿ, ಏಣಿ ಹತ್ತಿ, ಬಲ್ಬಿನ ತುದಿಯ ಸಮಕ್ಕೆ ಬೋಗುಣಿಯ ಹೊರಗೆ ಒಂದು ಗೀಟೆಳೆದು 1819 ಎಂದು ಬರೆದೆ. ಅಲ್ಲಿಂದ ಕೆಳಕ್ಕೆ ಅರ್ಧರ್ಧ ಬೆರಳಿಗೊಂದು ಗೀಟು, ಗೀಟಿಗೊಂದು ಅಡಿ. ಮರುದಿನದಿಂದ ಕೊಡೆ ಹಿಡಿದು ಉಣುಗೋಲಿಗೆ ಹೋಗಿ ಮಟ್ಟ ನೋಡಿಬಂದು ದೋಸೆಯ ಹೊತ್ತಿಗೆ ಘೋಷಿಸುವುದು ನನ್ನ ನಿತ್ಯಕರ್ಮವಾಯಿತು. "ಇಂದಿನ ಮಟ್ಟ 1812. ಒಳಹರಿವು ಹೆಚ್ಚಿದೆ. ಹೊರಹರಿವು ಸೊನ್ನೆ." ಸಿಲಿಕೋನಿನ ಕಟ್ಟೆ ಅಷ್ಟು ಭದ್ರವಾಗಿತ್ತು. ಒಂದು ಹನಿ ಸೋರಲಿಲ್ಲ ಎಂದು ನನಗೆ ಒಳಗೊಳಗೇ ಹೆಮ್ಮೆ. ಒಳಗೆ ಬರುವ ನೀರಿಗಾಗಿ ಕಟ್ಟಿದ ಕಟ್ಟೆ ಹೊರಗೆ ಹೋಗುವ ನೀರನ್ನು ಹಿಡಿದು ನಿಲ್ಲಿಸಿದೆ ಎಂಬುದು ತಲೆಗೆ ಹೋಗಲೇ ಇಲ್ಲ.

ಸುದ್ದಿ ಹಬ್ಬಿತು. ಹಾಲು ಡೇರಿಗೆ ಹೋದರೆ "ಇವತ್ತು ಎಷ್ಟಾಯ್ತು?" ಎಂದು ಕೇಳುವವರು. ಪುನರ್ವಸುವಿನಲ್ಲೇ ತುಂಬುತ್ತದೆ ಎಂದು ಒಬ್ಬರು, ಪುಷ್ಯಕ್ಕೆ ಹೋಗುತ್ತದೆ ಎಂದು ಇನ್ನೊಬ್ಬರು ಒಂದು ಕೆಜಿ ಅಡಿಕೆಯ ಪಂಥ ಕಟ್ಟಿದರು. ಆಚೆಮನೆಯವರೂ ಬಂದು, ಕನ್ನಡಕ ಏರಿಸಿ ನೋಡಿ, "ನಮ್ಮದ್ರಲ್ಲಿ ನೀರು ನಿಲ್ಲೂದಿಲ್ಲ ನೋಡಿ" ಅಂದರು. ಅವರ ದನಿಯಲ್ಲಿ ಬೇಸರ ಇತ್ತು ಎಂದೇ ನನ್ನ ನಂಬಿಕೆ. ಒಂದು ದಿನ ಮಳೆ ಬಿಟ್ಟು ಮಟ್ಟ ಏರದಿದ್ದಾಗ ನಾನು ನಿಜವಾಗಿ ಮಂಕಾದೆ. 1816ಕ್ಕೆ ತೀರ ಪ್ರದೇಶದ ಜನರಿಗೆ ಮುನ್ನೆಚ್ಚರಿಕೆ ಕೊಟ್ಟೆ. ತೀರದಲ್ಲಿದ್ದದ್ದು ಒಂದು ದಾಸವಾಳದ ಗಿಡ. 1818ರ ಬೆಳಿಗ್ಗೆ ಹೆಂಡತಿ ದೋಸೆ ತಿರುವಿ ಹಾಕುತ್ತ ತಲೆಯೆತ್ತದೆ ಕೇಳಿದಳು: "ಬಾಗಿನ ಬಿಡೂದು ಯಾವತ್ತು? ಮಂತ್ರಿಗಳು ಬರ್ತ್ರಾ, ಇಲ್ಲಾ ನೀವೇಯಾ?"

ಬಾಗಿನಕ್ಕೆ ಹೊತ್ತಾಗಲಿಲ್ಲ. ಆ ಸಂಜೆ ಉದ್ದಿನಹಿಟ್ಟು ರುಬ್ಬುತ್ತಿದ್ದಾಗ ಇಎಲ್‌ಸಿಬಿ ಟಪ್ ಎಂದು ಬಿದ್ದು ಮನೆ ಇಡೀ ಕತ್ತಲಾಯಿತು. ನೀರು ಬಲ್ಬನ್ನು ಮುಟ್ಟಿತ್ತು. 30 ಮಿಲಿ ಆಂಪಿಯರ್ ಸೋರಿದರೂ ಬೀಳುವ ಆ ಸಣ್ಣ ಪೆಟ್ಟಿಗೆ ಇರದಿದ್ದರೆ ಕಬ್ಬಿಣದ ಕಂಬಕ್ಕೆ ಮೈ ಉಜ್ಜಲು ಬರುವ ನಮ್ಮ ದನ ಗೌರಿಯ ಗತಿ ಏನಾಗುತ್ತಿತ್ತೋ. ಇಷ್ಟು ದಿನ ನಗಾಡಿಕೊಂಡಿದ್ದವನಿಗೆ ಆಗ ಬೆವರಿತು. ಉಣುಗೋಲಿನ ಸ್ವಿಚ್ಚು ಆರಿಸಿ ಉಳಿದದ್ದನ್ನು ಹತ್ತಿಸಿದೆ. ಹಿಟ್ಟು ಅರ್ಧಕ್ಕೇ ನಿಂತದ್ದರ ಕುರಿತು ಅಡುಗೆಮನೆಯಿಂದ ಬಂದ ಮಾತನ್ನು ಇಲ್ಲಿ ಬರೆಯುವುದಿಲ್ಲ.

ಮರುದಿನ ಅಡಿಕೆ ಮರ ಹತ್ತಿ ಎರಡನೇ ಔಷಧಿ ಹೊಡೆಯಲು ಕೊನೆಗೌಡ ಬಂದ. ಮೈಲುತುತ್ತ, ಸುಣ್ಣ ಕದಡಿಟ್ಟು ಮಳೆ ಹೊಳವಾಗಲಿ ಎಂದು ಕಾಯುತ್ತ ನಿಂತಿದ್ದವನಿಗೆ ಕಂಬದ ಮೇಲಿನ ಕೊಳ ಕಂಡಿತು. ಗೀಟುಗಳು, 1819 ಎಲ್ಲವನ್ನೂ ಉತ್ಸಾಹದಿಂದ ವಿವರಿಸಿದೆ. ಎಲ್ಲರೂ ನಗುವ ಜಾಗದಲ್ಲಿ ಅವನು ನಗಲಿಲ್ಲ.

"ನಮ್ಮಪ್ಪನೂ ಹಿಂಗೇ ಗೀಟು ಹಾಕ್ತಿದ್ನಂತೆ ಭಟ್ರೆ. ಹಿತ್ಲ ಹಲಸಿನ ಮರಕ್ಕೆ. ದಿನಾ ಹೋಗಿ ನೋಡೂದು, ನೀರು ಎಲ್ಲಿಗೆ ಬಂತು ಅಂತ."

1964ರ ಮಾತು. ಶರಾವತಿಗೆ ಲಿಂಗನಮಕ್ಕಿಯಲ್ಲಿ ಕಟ್ಟೆ ಕಟ್ಟಿ ಮುಗಿದ ವರ್ಷ. ಎಷ್ಟೋ ಊರುಗಳ ಜೊತೆ ಹಿಂದೆ ಕಟ್ಟಿದ್ದ ಮಡೆನೂರಿನ ಅಣೆಕಟ್ಟೂ ಮುಳುಗಿತು. ಬೇಸಿಗೆಯಲ್ಲಿ ನೀರು ಇಳಿದಾಗ ಅದನ್ನು ಈಗಲೂ ಜನ ಹೋಗಿ ನೋಡಿ ಬರುತ್ತಾರೆ. ಹಲಸಿನ ಮರವನ್ನು ನೋಡಲು ಯಾರೂ ಹೋಗುವುದಿಲ್ಲ. ನಾನು ಏನೋ ಹೇಳಬೇಕೆಂದು, "ನಿಮ್ಮಲ್ಲಿಗೆ ಕರೆಂಟು ಯಾವಾಗ ಬಂತು?" ಎಂದು ಕೇಳಿದೆ. ಕೇಳಬಾರದಿತ್ತು.

"ನಂಗೆ ಮಗ ಹುಟ್ಟಿದ ಮೇಲೆ" ಅಂದ.

ಮಾರ್ಕರಿನ ಗೀಟುಗಳನ್ನು ಬೈರಾಸಿನಿಂದ ಒರೆಸತೊಡಗಿದೆ. ಮಳೆಗೆಲ್ಲ ಜಗ್ಗದ ಶಾಯಿ ಬೈರಾಸಿಗೆ ಜಗ್ಗುತ್ತದೆಯೇ?

ಅವನೇ ಮಾತು ತಿರುಗಿಸಿದ. "ಅಲ್ಲಾ ಭಟ್ರೆ, ಕೊನೆಗೆ ಕೊಟ್ಟೆ ಕಟ್ಟುವಾಗ ಕೆಳಗಿನ ಬಾಯಿ ಕಟ್ತೀರಾ?"

ನಾನು ಬಾಯಿ ಬಿಟ್ಟುಕೊಂಡು ನಿಂತೆ. ಮೂವತ್ತು ವರ್ಷದಿಂದ ಪ್ರತಿ ಮಳೆಗಾಲದ ಮುಂಚೆ ಅಡಿಕೆ ಕೊನೆಗಳಿಗೆ ಕೊಟ್ಟೆ ಕಟ್ಟಿಸಿದವನು ನಾನು. ಬೋರ್ಡೋ ದ್ರಾವಣ ಬರುವ ಮೊದಲು ಮಲೆನಾಡಿನ ಅಡಿಕೆಯನ್ನು ಕೊಳೆಯಿಂದ ಕಾದದ್ದೇ ಅದು. ಆಗ ಕರಡದ ಹುಲ್ಲಿನದು, ಈಗ ಪ್ಲಾಸ್ಟಿಕ್ಕಿನದು, ಕಟ್ಟುವ ಕ್ರಮ ಮಾತ್ರ ಒಂದೇ: ಮೇಲೆ ಬಿಗಿ, ಕೆಳಗೆ ಬಯಲು. ಕೆಳಗೂ ಕಟ್ಟಿದರೆ ಒಳಗೇ ಬೆವತು ಕೊನೆ ಕೊಳೆತುಹೋಗುತ್ತದೆ. ಅಪ್ಪ ಹೇಳಿಕೊಟ್ಟದ್ದು, ನಾನು ಮಗನಿಗೆ ಹೇಳಿಕೊಟ್ಟದ್ದು. ಸಾವಿರಾರು ಕೊನೆಗಳಿಗೆ ಗೊತ್ತಿದ್ದ ವಿದ್ಯೆ ಒಂದು ಲೈಟಿನ ಮುಂದೆ ಕೈಕೊಟ್ಟಿತ್ತು.

ಉಳಿದದ್ದಕ್ಕೆ ಕಾಲು ಗಂಟೆ ಸಾಕಾಯಿತು. ಸ್ವಿಚ್ಚು, ಮೇನು ಎರಡೂ ಆಫ್. ಕಾಯಿಸಿದ ಮೊಳೆಯಿಂದ ಬೋಗುಣಿಯ ತಳಕ್ಕೆ ಒಂದು ತೂತು; ಇಷ್ಟು ದಿನದ ಜಲಾಶಯ ದಾಸವಾಳದ ಬುಡಕ್ಕೆ ಇಳಿಯಿತು. ಮೊಳೆ ಡಬ್ಬದಿಂದ ರಬ್ಬರ್ ಬಳೆ ಎದ್ದು ಬಂದು ತನ್ನ ಜಾಗದಲ್ಲಿ ಕೂತಿತು. ಮೇಲಿನಿಂದ ನೆಟ್ಟಗೆ ಇಳಿಯುತ್ತಿದ್ದ ವೈರನ್ನು ಹೋಲ್ಡರಿಗಿಂತ ಕೆಳಗೆ ಒಂದು ಜೋಲು ಬಿಟ್ಟು ಮತ್ತೆ ಮೇಲಕ್ಕೆ ಹತ್ತಿಸಿದೆವು, ವೈರು ಹಿಡಿದು ಬರುವ ನೀರು ಆ ಜೋಲಿನ ತಳದಲ್ಲೇ ತೊಟ್ಟಿಕ್ಕಿ ಹೋಗಲಿ ಎಂದು. ಕೊನೆಗೌಡ ತೋಟದಿಂದ ಒಂದು ಅಡಿಕೆ ಹಾಳೆ ತಂದು ಮಡಚಿ ಮೇಲಿಂದ ಟೊಪ್ಪಿ ಇಟ್ಟು ಕಟ್ಟಿದ. ಐಪಿ ಎಷ್ಟು ಎಂದು ಕೇಳಿದರೆ ಹೇಳಲಾರೆ. ಇದೆಲ್ಲ ಆದ ಮಾರನೆಯ ದಿನ ಎಲೆಕ್ಟ್ರಿಷಿಯನ್ ಬಂದ, ನೋಡಿದ, ಚಾ ಕುಡಿದ, ಹೋದ.

ಈಗ ಮಘಾ ಮಳೆ. ಬೋಗುಣಿಯೊಳಗೆ ಒಂದು ಹನಿ ನೀರಿಲ್ಲ. ಲೈನಿನ ಮೇಲೆ ಮರ ಬಿದ್ದು ಊರಿಗೆ ಕರೆಂಟು ಹೋಗಿ ಮೂರು ದಿನವಾಯಿತು. ಆಚೆಮನೆಯ ಎರಡೂ ಕತ್ತಲು, ನಮ್ಮದೂ ಕತ್ತಲು. ರಾತ್ರಿ ನಮ್ಮನೆಗೆ ಬರುವವರು ದಯವಿಟ್ಟು ಟಾರ್ಚು ತನ್ನಿ. ಉಣುಗೋಲಿನ ಹತ್ತಿರ ಕಂಬ ಇದೆ, ಹಣೆ ಜೋಪಾನ.